ಅಕ್ಕ ಕೂತರೆ ಮುನಿಯುವ ಗಾಡಿ

ಅವನನ್ನು ವರ್ಕ್‌ಶಾಪಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ಟೇಪು ಎಂದು. ಕಾರುಗಳ ವೈರಿಂಗ್ ನೋಡುವುದು ಅವನ ಕೆಲಸ. ವೈರಿಗೆ ವೈರು ಕೂಡಿಸಿದ ಮೇಲೆ ಕಪ್ಪು ಟೇಪು ಸುತ್ತುವಾಗ ಅವನ ಮುಖದಲ್ಲಿ ಕಾಣುತ್ತಿದ್ದ ಶ್ರದ್ಧೆ, ಮೊಮ್ಮಗಳಿಗೆ ಜಡೆ ಹಾಕುವ ಅಜ್ಜಿಯ ಮುಖದಲ್ಲೂ ಇರಲಿಕ್ಕಿಲ್ಲ. ಸುತ್ತಿ ಮುಗಿದ ಮೇಲೆ ತುದಿಯನ್ನು ಉಗುರಷ್ಟು ಒಳಕ್ಕೆ ಮಡಚಿ, ಪುಟ್ಟದೊಂದು ಕಿವಿ ಬಿಡುತ್ತಿದ್ದ. ಮುಂದೆ ಯಾರಾದರೂ ಬಿಚ್ಚಬೇಕಾಗಿ ಬಂದರೆ ಆ ಕಿವಿ ಹಿಡಿದು ಎಳೆದರೆ ಸಾಕು, ಬ್ಲೇಡು ಬೇಡ, ಬೈಗುಳವೂ ಬೇಡ.

"ನಾಳೆ ಬಿಚ್ಚೋನೂ ಮನುಷ್ಯನೇ ಕಣ್ರೋ" ಎಂಬುದು ಅವನ ಸಿದ್ಧಾಂತ. ಬೇರೆ ಕಡೆ ಯಾರೋ ಕಿವಿ ಬಿಡದೆ ಸುತ್ತಿದ ಟೇಪು ಕೈಗೆ ಸಿಕ್ಕರೆ, ಆ ಯಾರೋನ ಏಳು ತಲೆಮಾರಿಗೂ ಬಿಸಿ ಮುಟ್ಟಿಸುತ್ತಿದ್ದ. ಇಪ್ಪತ್ತೊಂಬತ್ತು ವರ್ಷಕ್ಕೆ ಈ ಒಂದು ಸಿದ್ಧಾಂತ ಬಿಟ್ಟರೆ ಅವನು ಗಳಿಸಿದ್ದು ಹೆಚ್ಚಿಲ್ಲ. ಅದನ್ನೂ ಗಳಿಕೆ ಎಂದು ಒಪ್ಪಲು ಹೆಂಡತಿ ತಯಾರಿರಲಿಲ್ಲ.

ಓದಿನಲ್ಲಿ ಹಿಂದೆ, ಬಿಚ್ಚುವುದರಲ್ಲಿ ಮುಂದೆ ಎನ್ನುವ ಜಾತಿಯವನು ಅವನು. ಹತ್ತನೇ ವಯಸ್ಸಿಗೆ ಮನೆಯ ಗೋಡೆ ಗಡಿಯಾರ ಬಿಚ್ಚಿ ಮತ್ತೆ ಕೂಡಿಸಿದಾಗ ಎರಡು ತುಂಡು ಉಳಿದಿದ್ದವು. ಗಡಿಯಾರ ಓಡಿತು. ಹಾಗಾದರೆ ಆ ಎರಡು ತುಂಡು ಬೇಡದ್ದೇ ಇರಬೇಕು ಎಂದು ತೀರ್ಮಾನಿಸಿ ಕಿಟಕಿಯಿಂದಾಚೆ ಎಸೆದ. ಅಂದಿನಿಂದ ಆ ಮನೆಯವರು ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಬದುಕುತ್ತ ಬಂದರು. ಅಪ್ಪ ಬೈಯಲಿಲ್ಲ. "ಇವನು ರಿಪೇರಿ ಕೆಲಸಕ್ಕೇ ಸೈ" ಎಂದಷ್ಟೇ ಅಂದರು. ಹೊಗಳಿದ್ದೋ ಕೈಬಿಟ್ಟಿದ್ದೋ ಇವನಿಗೆ ಇಂದಿಗೂ ಗೊತ್ತಿಲ್ಲ.

ವರ್ಕ್‌ಶಾಪಿನ ಯಜಮಾನರೇ ಗಿಯರ್ ಬಾಕ್ಸ್ ಮೇಸ್ತ್ರಿ. ಅರವತ್ತು ದಾಟಿದ್ದರೂ ಕೈ ಗಟ್ಟಿ, ಗಂಟಲು ಇನ್ನೂ ಗಟ್ಟಿ. ಗಾಡಿಗೆ ನೆಗಡಿ ಬಂದರೂ ಬಾಕ್ಸ್ ಇಳಿಸಿ ನೋಡಬೇಕು ಎನ್ನುವವರು. ಟೇಪು ಹಾಗಲ್ಲ, ಟೈರು ಪಂಕ್ಚರಾದರೂ ಮೊದಲು ಫ್ಯೂಸ್ ನೋಡುವವನು. ಇಬ್ಬರ ನಡುವೆ ಸಿಕ್ಕಿದ ಗಾಡಿ ಹೇಗೋ ಸರಿಹೋಗಿ ಹೊರಟುಬಿಡುತ್ತಿತ್ತು.

ಒಂದು ಗುರುವಾರ ಬೆಳಿಗ್ಗೆ, ಶೆಟರ್ ಎತ್ತಿ ನೆಲ ಗುಡಿಸುವಷ್ಟರಲ್ಲಿ, ಬಿಳಿ ಬಣ್ಣದ ಆಟೋಮ್ಯಾಟಿಕ್ ಕಾರೊಂದು ಒಳಗೆ ಬಂತು. ಓಡಿಸುತ್ತಿದ್ದವರು ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಗುಮಾಸ್ತರು. ಹಿಂದಿನ ಸೀಟಿನಲ್ಲಿ, ಎಡಗಾಲನ್ನು ಉದ್ದಕ್ಕೆ ಚಾಚಿ, ಅಡ್ಡಡ್ಡವಾಗಿ ಕೂತಿದ್ದವರು ಅವರ ಅಕ್ಕ. ಮಂಡಿ ಆಪರೇಷನ್ ಆಗಿ ಆರು ತಿಂಗಳಾಗಿತ್ತಂತೆ. ಕೋಲೂರಿ ಇಳಿದು, ಬಾನೆಟ್ಟಿನ ಕಡೆ ನೋಡಿ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನನ್ನು ನೋಡುವಂತೆ ನೋಡಿದರು.

"ಏನ್ ತೊಂದರೆ ಸಾರ್?" ಎಂದ ಟೇಪು.

ಗುಮಾಸ್ತರು ದನಿ ತಗ್ಗಿಸಿದರು. "ನಮ್ಮಕ್ಕ ಮುಂದಿನ ಸೀಟಲ್ಲಿ ಕೂತ್ರೆ ಗಾಡಿ ಎಗರತ್ತೆ."

"ಜೋರಾಗೇ ಹೇಳೋ, ನನ್ ಮಂಡಿಗೆ ಆಪರೇಷನ್ ಆಗಿರೋದು, ಕಿವಿಗಲ್ಲ" ಎಂದರು ಅಕ್ಕ.

ವಿಷಯ ಇಷ್ಟು. ಗಾಡಿ ಸುಮ್ಮನೆ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಒಂದು ಧಕ್ಕೆ. ಆಮೇಲೆ ಮೂರನೇ ಗಿಯರಿನಲ್ಲೇ ಕಚ್ಚಿ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಮುದಿ ಎತ್ತಿನ ಹಾಗೆ ಏದುಸಿರು ಬಿಡುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲವೇನೋ ಎಂಬಂತೆ ಸರಿ. ಗುಮಾಸ್ತರು ಒಬ್ಬರೇ ಹೋದರೆ ಇಲ್ಲ, ಹೆಂಡತಿಯ ಜೊತೆ ಹೋದರೆ ಇಲ್ಲ. ಅಕ್ಕ ಪಕ್ಕದಲ್ಲಿ ಕೂತರೆ ಮಾತ್ರ. ಬೇರೊಂದು ಕಡೆ ತೋರಿಸಿ ಆಯಿಲ್ ಬದಲಿಸಿ, ಚಕ್ರದ ವೇಗ ಹೇಳುವ ಸೆನ್ಸರನ್ನೂ ಹೊಸದು ಹಾಕಿಸಿದ್ದರು. ಅಕ್ಕನಿಗೆ ಗೌರವ ಕೊಡುವುದನ್ನು ಹೊಸ ಸೆನ್ಸರೂ ಕಲಿಯಲಿಲ್ಲ.

"ಮನೇಲಿ ಎಲ್ಲಾರೂ ತಮಾಷೆ ಮಾಡ್ತಾರೆ" ಎಂದರು ಅಕ್ಕ. "ಮೊಮ್ಮಕ್ಕಳು ನಾನು ಬಂದ್ರೆ ಫ್ರಿಜ್ಜಿನ ಬಾಗಿಲು ಹಿಡ್ಕೋತಾವೆ, ಅದೂ ಕೆಟ್ಟೀತು ಅಂತ. ನಗಲಿ ಬಿಡು. ಆದ್ರೆ ಇವನು ಗಾಡೀನೇ ಮಾರ್ತೀನಿ ಅಂತ ಕೂತಿದಾನೆ. ಶನಿವಾರ ತಗೊಳ್ಳೋರು ಬರ್ತಾರಂತೆ."

"ಮತ್ತಿನ್ನೇನಕ್ಕ? ಗಿಯರ್ ಇರೋ ಮಾಮೂಲಿ ಗಾಡಿ ತಗೋಳೋಣ. ಎಲ್ಲಿಗೆ ಬೇಕೋ ನಾನೇ ಕರ್ಕೊಂಡ್ ಹೋಗ್ತೀನಿ."

"ನೀನು ಕರ್ಕೊಂಡ್ ಹೋಗೋದೇ ಬೇಡ ಅಂತ ತಾನೇ ಇದನ್ನ ತಗೊಂಡಿದ್ದು!"

ಅಕ್ಕ ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು. ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಹೇಳಿಕೊಟ್ಟ ಕೈ. ಎಡಮಂಡಿ ಕ್ಲಚ್ ತುಳಿಯಲಾರೆ ಎಂದು ಹಠ ಹಿಡಿದಾಗ, ಆಪರೇಷನ್ನಿಗೆ ಮುಂಚೆಯೇ ಮುಂದಾಲೋಚನೆಯಿಂದ, ಕ್ಲಚ್ ಇಲ್ಲದ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ಆರು ತಿಂಗಳು ಸ್ಟೀರಿಂಗ್ ಮುಟ್ಟಬೇಡಿ ಎಂದಿದ್ದ ಡಾಕ್ಟರು ಕಳೆದ ವಾರವಷ್ಟೇ, ಎಡಗಾಲಿಗೆ ಕೆಲಸವಿಲ್ಲದ ಗಾಡಿಯಾದರೆ ಓಡಿಸಿ ಎಂದಿದ್ದರು. ಈಗ ಗಾಡಿಯೇ ಕೈತಪ್ಪುತ್ತಿತ್ತು. ಇದು ಹೋಗಿ ಕ್ಲಚ್ ಇರುವ ಗಾಡಿ ಬಂದರೆ, ಊರಿಗೆಲ್ಲ ಓಡಿಸಲು ಕಲಿಸಿದವರು ಉಳಿದ ಆಯುಷ್ಯವನ್ನೆಲ್ಲ ತಮ್ಮನ ಪಕ್ಕದ ಸೀಟಿನಲ್ಲಿ ಕಳೆಯಬೇಕು.

"ಬಾಕ್ಸ್ ಇಳಿಸ್ಬೇಕು" ಎಂದರು ಮೇಸ್ತ್ರಿ, ಗಾಡಿಯ ಕಡೆ ತಿರುಗಿಯೂ ನೋಡದೆ.

"ಮೇಸ್ತ್ರಿ, ಬಾಕ್ಸಿಗೆ ಪಕ್ಕದಲ್ಲಿ ಯಾರು ಕೂತಿದಾರೆ ಅಂತ ಹೇಗ್ ಗೊತ್ತಾಗತ್ತೆ?"

"ವೈರಿಗೆ ಗೊತ್ತಾಗತ್ತೇನೋ?"

ಪ್ರಶ್ನೆ ಸರಿಯಾಗಿಯೇ ಇತ್ತು. ಟೇಪುವಿನ ಕೈ ಕಡಿಯತೊಡಗಿತು. ಗಡಿಯಾರದ ಹಿಂಭಾಗ ಕಂಡಾಗ ಆಗುತ್ತಿತ್ತಲ್ಲ, ಅದೇ ಕಡಿತ. "ನಾಳೆ ಸಂಜೆ ತನಕ ನಂಗೆ ಬಿಡಿ" ಎಂದ.

ಇಂಥ ಗಾಡಿಯಲ್ಲಿ ಗಿಯರು ತಾನಾಗಿ ಬದಲಾಗುತ್ತದೆ ಎನ್ನುವುದು ಅರ್ಧ ನಿಜ. ಯಾವಾಗ ಬದಲಾಗಬೇಕು ಎಂದು ಅಪ್ಪಣೆ ಕೊಡಲು ಒಳಗೆ ಅಂಗೈಯಗಲದ ಒಂದು ಡಬ್ಬಿ ಇರುತ್ತದೆ. ಗಾಡಿ ಎಷ್ಟು ವೇಗದಲ್ಲಿದೆ ಎಂದು ಸೆನ್ಸರು ಕೂದಲಿಗಿಂತ ಸ್ವಲ್ಪ ದಪ್ಪದ ವೈರಿನ ಮೂಲಕ ಆ ಡಬ್ಬಿಗೆ ಚಾಡಿ ಹೇಳುತ್ತಲೇ ಇರಬೇಕು. ಚಾಡಿ ಒಂದು ಕ್ಷಣ ನಿಂತರೂ ಡಬ್ಬಿಗೆ ಗಾಬರಿ. ಕತ್ತಲಲ್ಲಿ ಕಂಬ ತಬ್ಬಿಕೊಂಡವನ ಹಾಗೆ ಮೂರನೇ ಗಿಯರನ್ನು ತಬ್ಬಿಕೊಂಡು, ಆಫ್ ಮಾಡಿ ಆನ್ ಮಾಡುವವರೆಗೆ ಬಿಡುವುದಿಲ್ಲ. ಬಾಕ್ಸಿನ ಹಲ್ಲು ಒಂದೂ ಸವೆಯದೆ ಗಾಡಿ ಹಾಸಿಗೆ ಹಿಡಿಯಬಹುದು.

ಟೇಪು ಬ್ಯಾಟರಿಯಿಂದ ಶುರುಮಾಡಿದ. ಹೆಡ್‌ಲೈಟು, ಫ್ಯಾನು, ಹಾರ್ನು ಎಲ್ಲ ಒಟ್ಟಿಗೆ ಹಾಕಿ ಹೊರೆ ಹೊರಿಸಿ, ಅರ್ತ್ ವೈರುಗಳಲ್ಲಿ ವೋಲ್ಟೇಜು ಸೋರುತ್ತದೆಯೇ ಎಂದು ಮೀಟರಿಟ್ಟ. ಮಲಗಿದವನ ಶಕ್ತಿ ಅಳೆಯಬಾರದು, ಮೂಟೆ ಹೊತ್ತವನದು ಅಳೆಯಬೇಕು. ಎಲ್ಲ ಸರಿಯಿತ್ತು. ಬಾಕ್ಸಿನ ಕನೆಕ್ಟರು ಕಳಚಿ ಆಯಿಲ್ ಒಸರಿದೆಯೇ ನೋಡಿದ, ಒಣಗಿತ್ತು. ಬಾನೆಟ್ಟಿನ ಕೆಳಗಿನ ವೈರಿನ ಕಟ್ಟನ್ನು ಹಿಡಿದು ಜಗ್ಗಿದ, ಕುಲುಕಿದ, ಬೈದ. ಮೀಟರಿನ ಅಂಕಿ ಅಲುಗಲಿಲ್ಲ.

ಆಮೇಲೆ ಸೀಟಿನ ಪರೀಕ್ಷೆ. ತಾನೇ ಪಕ್ಕದಲ್ಲಿ ಕೂತು ಗುಮಾಸ್ತರಿಂದ ಓಡಿಸಿದ. ಏನೂ ಆಗಲಿಲ್ಲ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ ತೂಕ ಎಷ್ಟು?"

"ಅರವತ್ತೆಂಟು. ಆಪರೇಷನ್‌ಗೆ ಮುಂಚೆ ಅರವತ್ನಾಲ್ಕು. ಎರಡೂ ಬರ್ಕೋ."

ಆಯಿಲ್ ಡಬ್ಬಗಳನ್ನು ಲೆಕ್ಕಮಾಡಿ ಸೀಟಿನ ಮೇಲೆ ಅರವತ್ತೆಂಟು ಕಿಲೋ ಪೇರಿಸಿ, ಸೀಟ್ ಬೆಲ್ಟ್ ಕಟ್ಟಿ, ಒಂದು ಸುತ್ತು ಹಾಕಿಸಿದ. ಡಬ್ಬಗಳು ಗಂಭೀರವಾಗಿ ಹೋಗಿ ಗಂಭೀರವಾಗಿ ಬಂದವು. ಅಕ್ಕನ ಫೋನು ತೆಗೆಸಿ ನೋಡಿದ, ಕೈಚೀಲ ತೆಗೆಸಿ ನೋಡಿದ, ಕೋಲಿನ ತುದಿಯಲ್ಲಿ ಅಯಸ್ಕಾಂತವಿದೆಯೇ ಎಂದು ಸ್ಕ್ರೂ ತಾಗಿಸಿಯೂ ನೋಡಿದ.

"ಚಪ್ಲೀನೂ ಬಿಚ್ಲೇನಪ್ಪ?" ಎಂದರು ಅಕ್ಕ. ಅವರಿಗೂ ಈಗ ಕುತೂಹಲ ಹತ್ತಿತ್ತು.

ಕೊನೆಗೆ ಸ್ಕ್ಯಾನರನ್ನು ಗಾಡಿಗೆ ಚುಚ್ಚಿ, ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಅಕ್ಕ ಮುಂದೆ, ಮೇಸ್ತ್ರಿ ಸ್ಟೀರಿಂಗಿನಲ್ಲಿ. ಊರೆಲ್ಲ ಸುತ್ತಿದರೂ ಗಾಡಿ ಬೆಣ್ಣೆಯಂತೆ ಹೋಯಿತು. ಮೇಸ್ತ್ರಿ ಇಳಿದು ಗುಮಾಸ್ತರು ಕೂತರು. ಎರಡನೇ ತಿರುವು ದಾಟಿ ಅಂಗಡಿ ಬೀದಿಗೆ ಬಂದದ್ದೇ ತಡ, ಧಡ್! ಸ್ಕ್ಯಾನರಿನ ಪರದೆಯ ಮೇಲೆ ನಲವತ್ತರಲ್ಲಿ ಓಡುತ್ತಿದ್ದ ವೇಗದ ಗೆರೆ, ಬಾವಿಗೆ ಬಿದ್ದ ಕೊಡದಂತೆ ಸೊನ್ನೆಗಿಳಿದು, ರೆಪ್ಪೆ ಬಡಿಯುವುದರೊಳಗೆ ಮೇಲೆ ಬಂತು.

ಟೇಪು ಸೀಟಿನಲ್ಲೇ ಕುಪ್ಪಳಿಸಿದ. ನಲವತ್ತರಲ್ಲಿರುವ ಚಕ್ರ ಕ್ಷಣದಲ್ಲಿ ನಿಂತು ಮತ್ತೆ ನಲವತ್ತಕ್ಕೆ ಏರಲು ಸಾಧ್ಯವಿಲ್ಲ. ಚಕ್ರ ಸುಳ್ಳು ಹೇಳುತ್ತಿಲ್ಲ, ಸೆನ್ಸರು ಹೊಸದು. ನಡುವಿನ ವೈರು ಎಲ್ಲೋ ಬಾಯಿ ಮುಚ್ಚುತ್ತಿದೆ. ಆದರೆ ಅದಕ್ಕೆ ಅಕ್ಕನೂ ಬೇಕು, ತಮ್ಮನೂ ಬೇಕು. ಒಬ್ಬರಿದ್ದರೆ ಸಾಲದು.

"ಮನೆ ಜಗಳ ಗಿಯರ್ ಬಾಕ್ಸಿಗೆ ಬಂದಿದೆ ಬಿಡು" ಎಂದರು ಮೇಸ್ತ್ರಿ, ವರ್ಕ್‌ಶಾಪಿಗೆ ಮರಳಿದವರಿಂದ ವಿಷಯ ಕೇಳಿ. "ನಾಳೆ ಸಂಜೆ ನಾನು ಸ್ಪಾನರ್ ತಗೋತೀನಿ."

"ಇಳಿಸೋದೆಲ್ಲ ಬೇಡ, ಹಾಗೇ ಮಾರ್ಬಿಡ್ತೀನಿ" ಎಂದರು ಗುಮಾಸ್ತರು. ಅಕ್ಕ ಆಟೋ ಹತ್ತುವ ಮುಂಚೆ ಗಾಡಿಯ ಸ್ಟೀರಿಂಗನ್ನು ಕಿಟಕಿಯಿಂದ ಒಮ್ಮೆ ನೋಡಿದರು, ಅಷ್ಟೇ.

ಟೇಪುವಿನ ಮನೆ ಎರಡನೇ ಮಹಡಿಯಲ್ಲಿ. ಎರಡು ಕೋಣೆ, ಬಟ್ಟೆ ಒಣಗಿಸಲು ಒಂದು ತಂತಿ, ಆ ತಂತಿಗೂ ಎರಡು ಕಡೆ ಟೇಪು, ಕಿವಿ ಸಮೇತ. ಹೆಂಡತಿ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಒಂದೂವರೆ ವರ್ಷದ ಮಗಳಿಗೆ ಉಣಿಸಲು ಕೂತಿದ್ದಳು. ಇವನು ಎದುರಿಗೆ ಕೂತು ಗೋಡೆ ನೋಡುತ್ತಿದ್ದ.

"ಏನ್ರೀ, ಗೋಡೇಲೂ ವೈರು ಕಾಣ್ತಿದೆಯಾ?"

"ಇಬ್ರೂ ಬೇಕು ಕಣೇ. ಒಬ್ರು ಓಡಿಸ್ಬೇಕು, ಒಬ್ರು ಸುಮ್ನೆ ಕೂತಿರ್ಬೇಕು. ಸುಮ್ನೆ ಕೂತಿರೋರಿಂದ ಏನಾಗತ್ತೆ ಹೇಳು?"

"ಮನೇಲಿ ನೀವು ಸುಮ್ನೆ ಕೂತಿರ್ತೀರಲ್ಲ, ನಂಗೆ ಆಗೋದಿಲ್ವಾ?" ಎಂದು ಹೆಂಡತಿ ಮಗಳ ಬಾಯಿಗೆ ತುತ್ತು ಹಿಡಿದಳು. ಮಗು ಬಾಯಿ ಬಿಚ್ಚಲಿಲ್ಲ. ಹೆಂಡತಿಯ ಬಾಯಿ ಬಿಚ್ಚಿತು. ಆ... ಎಂದು ಅಗಲವಾಗಿ ಬಿಚ್ಚಿತು. ಅದನ್ನು ನೋಡಿ ಮಗುವೂ ಬಾಯಿ ತೆರೆದು ನುಂಗಿದಾಗ ಅವಳ ಗಂಟಲೂ ನುಂಗಿತು. ತುತ್ತು ಅವಳದಲ್ಲ, ಹಸಿವೂ ಅವಳದಲ್ಲ.

ಟೇಪು ಗೋಡೆ ಬಿಟ್ಟು ಅವಳ ಬಾಯಿಯನ್ನೇ ನೋಡತೊಡಗಿದ. "ಇನ್ನೊಂದ್ಸಲ ಮಾಡು."

"ಏನ್ ಮಾಡ್ಲಿ?"

"ತುತ್ತು ಕೊಡು. ನಿನ್ ಬಾಯಿ ಯಾಕೆ ತೆಗೀತೀಯಾ?"

"ನಾನೆಲ್ಲಿ ತೆಗೆದೆ?" ಎಂದಳು ಹೆಂಡತಿ, ಮುಂದಿನ ತುತ್ತಿಗೆ ಬಾಯಿ ತೆರೆಯುತ್ತ.

ಮರುದಿನ ಅಕ್ಕ-ತಮ್ಮ ಬಂದಾಗ ಟೇಪು ಸ್ಕ್ಯಾನರನ್ನು ಮುಟ್ಟಲಿಲ್ಲ. ಹಿಂದಿನ ಸೀಟಿನ ನಡುವೆ ಕೂತು, ಎರಡು ಸೀಟುಗಳ ಸಂದಿನಲ್ಲಿ ತಲೆ ತೂರಿಸಿ, ಅಕ್ಕನ ಕಾಲನ್ನೇ ನೋಡುತ್ತ ಹೊರಟ. ಗುಮಾಸ್ತರು ಓಡಿಸುವ ಚಂದ ಈಗ ಅವನಿಗೆ ಸರಿಯಾಗಿ ಕಂಡಿತು. ಮುಂದಿನ ಬಸ್ಸಿನ ಬೆನ್ನಿಗೆ ಅಂಟಿಕೊಂಡೇ ಹೋಗುವರು. ಕೆಂಪು ದೀಪ ಕಂಡ ಮೇಲೂ ಯೋಚಿಸುವರು. ಅಂಗಡಿ ಬೀದಿಯಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದ. ಗುಮಾಸ್ತರು ಬ್ರೇಕು ತುಳಿಯುವುದಕ್ಕೆ ಅರ್ಧ ಕ್ಷಣ ಮೊದಲೇ ಅಕ್ಕನ ಬಲಗಾಲು ಸೆಟೆದು, ಎದುರಿನ ಕಾರ್ಪೆಟ್ಟಿಗೆ ಹಿಮ್ಮಡಿ ಊರಿ ಒತ್ತಿತು.

ಧಡ್! ಗಾಡಿ ಮೂರನೇ ಗಿಯರನ್ನು ತಬ್ಬಿಕೊಂಡಿತು.

"ಸಿಕ್ತು!" ಎಂದು ಟೇಪು ಕಿರುಚಿದ ರಭಸಕ್ಕೆ ಗುಮಾಸ್ತರು ನಿಜವಾದ ಬ್ರೇಕನ್ನೇ ಜೋರಾಗಿ ತುಳಿದರು. ಅಕ್ಕನ ಕಾಲು ಇನ್ನೊಮ್ಮೆ ಒತ್ತಿತು.

"ಅಕ್ಕಾ, ನೀವು ಕಾಲಲ್ಲಿ ಏನ್ ಮಾಡಿದ್ರಿ ಈಗ?"

"ನಾನೇನ್ ಮಾಡ್ದೆ? ಸುಮ್ನೆ ಕೂತಿದೀನಿ."

"ಬ್ರೇಕ್ ಹಾಕಿದ್ರಿ."

ಅಕ್ಕ ತಮ್ಮ ಬಲಗಾಲನ್ನು ನೋಡಿಕೊಂಡರು. ಅದು ಇನ್ನೂ ಕಾರ್ಪೆಟ್ಟನ್ನು ಒತ್ತಿಕೊಂಡೇ ಇತ್ತು. ಮೆಲ್ಲಗೆ ಹಿಂದಕ್ಕೆಳೆದುಕೊಂಡರು. "ಸ್ಕೂಲಿನ ಗಾಡೀಲಿ ಕಲಿಸೋರ ಕಡೆಗೂ ಒಂದು ಬ್ರೇಕ್ ಇರ್ತಿತ್ತಪ್ಪ" ಎಂದರು. "ಇಪ್ಪತ್ತಾರು ವರ್ಷ. ಅದಿಲ್ದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ."

"ಮೇಸ್ತ್ರಿ ಓಡಿಸ್ದಾಗ ಯಾಕೆ ಒತ್ತಲಿಲ್ಲ?"

"ಅವರಿಗೆ ಓಡಿಸೋಕೆ ಬರತ್ತೆ."

ಗುಮಾಸ್ತರು ಕೆಂಪಾದರು. "ಅಂದ್ರೆ ನಾನು..."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಆರು ತಿಂಗಳಿಂದ ಗಾಡಿಗೆ ಬೈತಿದೀಯಲ್ಲೋ!"

ವರ್ಕ್‌ಶಾಪಿಗೆ ಬಂದು ಟೇಪು ಆ ಕಡೆಯ ಕಾರ್ಪೆಟ್ಟಿನ ಕ್ಲಿಪ್ಪು ಕೀಳತೊಡಗಿದ. ಗಿಯರಿನ ಡಬ್ಬಿ ಇದ್ದದ್ದೇ ಅಲ್ಲಿ, ಪಕ್ಕದ ಸೀಟಿನವರ ಪಾದದ ಎದುರಿಗೆ. ನಿನ್ನೆ ಬಾನೆಟ್ಟಿನ ಕೆಳಗೆಲ್ಲ ಜಗ್ಗಿ ಕುಲುಕಿದವನು ಇದೊಂದು ಮೊಳ ವೈರನ್ನು ಬಿಟ್ಟಿದ್ದ. ಗಾಡಿಯೊಳಗಿನ ವೈರಿಗೆ ಬಿಸಿಲಿಲ್ಲ, ನೀರಿಲ್ಲ, ಏನಾಗುತ್ತದೆ ಎಂಬ ಧೈರ್ಯ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ. ಮೇಸ್ತ್ರಿ ಬಾಗಿಲಿಗೊರಗಿ ನಿಂತರು. ಅಕ್ಕ ಸ್ಟೂಲಿನ ಮೇಲೆ, ಗುಮಾಸ್ತರು ಅಕ್ಕನ ಹಿಂದೆ.

ಕಾರ್ಪೆಟ್ಟು ಮೇಲೆದ್ದಿತು. ವೈರಿನ ಕಟ್ಟು ತನ್ನ ಕೊಕ್ಕೆಯಿಂದ ಹೊರಬಂದು, ಸರಿಯಾಗಿ ಹಿಮ್ಮಡಿ ಊರುವ ಜಾಗದಲ್ಲಿ ಬಿದ್ದುಕೊಂಡಿತ್ತು. ಯಾರೋ ಕೊಕ್ಕೆಯಿಂದ ತೆಗೆದವರು ವಾಪಸು ಸಿಕ್ಕಿಸಿರಲಿಲ್ಲ. ನಡುವೆ ಒಂದು ಜಾಗದಲ್ಲಿ ಕಪ್ಪು ಟೇಪು.

"ನೋಡಿ, ನೋಡಿ!" ಎಂದ ಟೇಪು ಗೆಲುವಿನಿಂದ. "ಯಾವನೋ ಕೈ ಹಾಕಿದಾನೆ. ಹಿಂದೆ ನೋಡೋ ಕ್ಯಾಮೆರಾಗೆ ಇಲ್ಲಿಂದ ಒಂದು ವೈರು ಎಳೆದಿದಾನೆ. ಕೊಕ್ಕೆಗೆ ಹಾಕೋ ಅಷ್ಟೂ ಪುರುಸೊತ್ತಿಲ್ಲ ಪುಣ್ಯಾತ್ಮನಿಗೆ. ಇಂಥೋರಿಗೆಲ್ಲ..."

ಮಾತು ಅಲ್ಲಿಗೇ ನಿಂತಿತು. ಟೇಪಿನ ಸುತ್ತು ಅಚ್ಚುಕಟ್ಟಾಗಿತ್ತು. ಕೊನೆಯಲ್ಲಿ, ಉಗುರಷ್ಟು ಒಳಕ್ಕೆ ಮಡಚಿದ, ಪುಟ್ಟದೊಂದು ಕಿವಿ.

ಅವನು ಆ ಕಿವಿಯನ್ನು ನೋಡಿದ, ಅದೂ ಅವನನ್ನು ನೋಡುತ್ತಿದೆ ಎನ್ನಿಸಿತು. ಎರಡು ವರ್ಷದ ಹಿಂದೆ, ಗಾಡಿಯ ಹಿಂದಿನ ಮಾಲೀಕ ಕ್ಯಾಮೆರಾ ಹಾಕಿಸಲು ತಂದಿದ್ದು ನೆನಪಾಯಿತು. ಬಿಳಿ ಗಾಡಿಗಳು ದಿನಕ್ಕೆ ನಾಲ್ಕು ಬರುತ್ತವೆ, ಯಾವುದೆಂದು ನೆನಪಿಟ್ಟುಕೊಳ್ಳುವುದು? ಆದರೆ ಬ್ಲೇಡು ಜಾರಿದ್ದು ನೆನಪಿತ್ತು. ರಿವರ್ಸಿನ ವೈರು ಸುಲಿಯುವಾಗ ಪಕ್ಕದ ವೈರಿಗೂ ಗೀರು ಬಿದ್ದಿತ್ತು. ಒಂದೆರಡು ಎಳೆ ತಾನೇ ಎಂದುಕೊಂಡು, ಎರಡನ್ನೂ ಸೇರಿಸಿ ಚಂದವಾಗಿ ಸುತ್ತಿಬಿಟ್ಟಿದ್ದ. ಗಡಿಯಾರದ ಎರಡು ತುಂಡಿನ ಹಾಗೆ.

ಕಿವಿ ಹಿಡಿದು ಎಳೆದ. ಸರಕ್ಕನೆ ಬಿಚ್ಚಿಕೊಂಡಿತು, ಅದೊಂದಕ್ಕೆ ಮೆಚ್ಚಬೇಕು. ಒಳಗೆ ವೇಗದ ವೈರಿನಲ್ಲಿ ಉಳಿದದ್ದು ಒಂದೇ ಎಳೆ. ಬೆರಳಲ್ಲಿ ಒತ್ತಿದರೆ ಬಿಡುತ್ತಿತ್ತು, ಬಿಟ್ಟರೆ ಕೂಡುತ್ತಿತ್ತು. ಆರು ತಿಂಗಳು ಅಕ್ಕನ ಹಿಮ್ಮಡಿ ಅದರ ಉಳಿದ ಎಳೆಗಳನ್ನು ಒಂದೊಂದಾಗಿ ಮುರಿದಿತ್ತು.

ಮೇಸ್ತ್ರಿಗೆ ಕಿವಿ ಕಂಡಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅವರು ಕೆಮ್ಮಿದರು. ಟೇಪು ಬಿಚ್ಚಿದ ತುಂಡನ್ನು ಮುಷ್ಟಿಯಲ್ಲಿ ಉಂಡೆ ಮಾಡಿಕೊಂಡಿದ್ದ. ಹಳೇ ವೈರು, ಸವೆದಿದೆ ಎಂದರೆ ಯಾರು ಕೇಳುತ್ತಿದ್ದರು?

"ಯಾರಪ್ಪ ಅವನು ಪುಣ್ಯಾತ್ಮ?" ಎಂದರು ಅಕ್ಕ. "ನನ್ನಿಂದ್ಲೇ ಗಾಡಿ ಕೆಡತ್ತೆ ಅಂತ ಮನೆಮಂದಿಯೆಲ್ಲ ನಗೋ ಹಾಗೆ ಮಾಡಿದೋನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೇಪು ಮುಷ್ಟಿ ಬಿಚ್ಚಿದ.

"ನಾನೇ ಅಕ್ಕಾ."

ಮೇಸ್ತ್ರಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಬಾಗಿಲಿಗೆ ತಲೆಯೊರಗಿಸಿ ನಕ್ಕರು. "ಏಳು ತಲೆಮಾರು ಅಂತಿದ್ಯಲ್ಲೋ! ಬೈಕೋ ಈಗ, ನಿನ್ನಪ್ಪನಿಂದ ಶುರು ಮಾಡು!"

ಅಕ್ಕ ನಗಲಿಲ್ಲ. ಆ ಟೇಪಿನ ಉಂಡೆಯನ್ನು ಈಸಿಕೊಂಡು, ಮಡಚಿದ ತುದಿಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದರು.

"ಇದ್ಯಾಕೆ ಹೀಗೆ ಮಡಚಿದೀಯಾ?"

"ಮುಂದೆ ಬಿಚ್ಚೋರಿಗೆ ಸುಲಭ ಆಗ್ಲಿ ಅಂತ."

"ಆಯ್ತಲ್ಲ ಸುಲಭ" ಎಂದರು. ಉಂಡೆಯನ್ನು ಅವನ ಕೈಗೇ ಇಟ್ಟು ಮುಂದುವರಿಸಿದರು, "ನನ್ ಹತ್ರ ಕಲಿಯೋಕೆ ಬಂದ ಒಬ್ಬ ಮೊದಲ್ನೇ ದಿನಾನೇ ನಮ್ ಸ್ಕೂಲಿನ ಬೋರ್ಡಿಗೇ ಗುದ್ದಿದ್ದ. ಇಳ್ದು ಓಡ್ಹೋಗೋಕೆ ನೋಡ್ದ. ನಾನು ಬಿಡ್ಲಿಲ್ಲ. ಅವನ ಕೈಲೇ ರಿವರ್ಸ್ ತೆಗೆಸ್ದೆ. ನೀನೂ ತೆಗಿ."

ಟೇಪು ಸವೆದ ಭಾಗವನ್ನು ಕತ್ತರಿಸಿ ಹೊಸ ವೈರು ಕೂಡಿಸಿದ. ಸೋಲ್ಡರ್ ಮಾಡಿದ, ಬಿಸಿಗೆ ಬಿಗಿದುಕೊಳ್ಳುವ ಸ್ಲೀವ್ ಹಾಕಿ ಕಾಯಿಸಿದ, ಇಡೀ ಕಟ್ಟನ್ನು ಕೊಕ್ಕೆಗೆ ಸಿಕ್ಕಿಸಿ, ಸಿಕ್ಕಿದೆಯೇ ಎಂದು ಮೂರು ಸಲ ಎಳೆದು ನೋಡಿದ. ಮೇಲೆ ಟೇಪು ಸುತ್ತಿದ. ತುದಿಗೆ ಬಂದಾಗ ಕೈ ಒಂದು ಗಳಿಗೆ ಅನುಮಾನಿಸಿತು. ಆಮೇಲೆ ಕಿವಿ ಮಡಚಿತು.

ಮೊದಲ ಸುತ್ತು ಗುಮಾಸ್ತರದು. ಅವರು ಎಂದಿನ ಹಾಗೇ ಬಸ್ಸಿಗೆ ಅಂಟಿಕೊಂಡರು, ಅಕ್ಕ ಎಂದಿನ ಹಾಗೇ ಬ್ರೇಕು ಒತ್ತಿದರು. ಬೇಕೆಂದೇ ಇನ್ನೂ ನಾಲ್ಕು ಸಲ ಒತ್ತಿದರು. ಹಿಂದೆ ಕೂತ ಟೇಪುವಿನ ತೊಡೆಯ ಮೇಲಿನ ಸ್ಕ್ಯಾನರಿನಲ್ಲಿ ವೇಗದ ಗೆರೆ ಬಾವಿಗೆ ಬೀಳಲಿಲ್ಲ.

"ನಿಲ್ಸು" ಎಂದರು ಅಕ್ಕ.

ರಸ್ತೆ ಬದಿಗೆ ನಿಲ್ಲಿಸಿದ ಗಾಡಿಯಿಂದ ಕೋಲೂರಿ ಇಳಿದು, ಮುಂದಿನಿಂದ ಸುತ್ತಿ ಬಂದು, ಡ್ರೈವರಿನ ಬಾಗಿಲ ಬಳಿ ನಿಂತರು. ಗುಮಾಸ್ತರು ಇಳಿದು ಹಿಂದಿನ ಸೀಟಿಗೆ ಹೋದರು. ಅಕ್ಕ ಟೇಪುವಿನ ಕಡೆ ಕೋಲು ತೋರಿಸಿದರು. "ನೀನು ಮುಂದೆ ಬಾ. ನಿನ್ ಕೆಲಸದ ಮೇಲೆ ನಿನಗೇ ನಂಬಿಕೆ ಇದ್ಯೋ ಇಲ್ವೋ ನೋಡ್ಬೇಕು."

ಸೀಟು ಮುಂದೆಳೆದರು. ಕನ್ನಡಿಗಳನ್ನು ಮೂರನ್ನೂ ತಮಗೆ ಬೇಕಾದಂತೆ ತಿರುಗಿಸಿದರು. ಎಡಗಾಲನ್ನು ಕೈಯಿಂದ ಎತ್ತಿ, ಕ್ಲಚ್ ಇರಬೇಕಿದ್ದ ಬರಿ ಜಾಗದಲ್ಲಿ ಜೋಪಾನವಾಗಿ ಮಲಗಿಸಿದರು. ಆಮೇಲೆ ಹೊರಟರು. ಆರು ತಿಂಗಳು ಕಟ್ಟಿಹಾಕಿದ್ದು ಬಿಚ್ಚಿಕೊಂಡಂತೆ ಹೊರಟರು. ಒಂದು, ಎರಡು, ಮೂರು, ನಾಲ್ಕು, ಗಿಯರುಗಳು ಒಂದರ ಹೆಗಲಿನಿಂದ ಇನ್ನೊಂದರ ಹೆಗಲಿಗೆ ಮೂಟೆ ದಾಟಿಸುವಂತೆ ಬದಲಾದವು.

"ಅಕ್ಕಾ, ಮೆಲ್ಲಗೆ" ಎಂದರು ಹಿಂದಿನಿಂದ ಗುಮಾಸ್ತರು.

"ನೀನು ಆ ಶನಿವಾರದೋರಿಗೆ ಫೋನ್ ಮಾಡು. ಬರೋದ್ ಬೇಡ ಅನ್ನು."

ಎದುರಿನ ತಿರುವಿನಲ್ಲಿ ಲಾರಿಯೊಂದು ಹೊರಬರುತ್ತಿತ್ತು. ಅಕ್ಕ ವೇಗ ತಗ್ಗಿಸಿದ ಹಾಗೆ ಕಾಣಲಿಲ್ಲ. ಟೇಪುವಿನ ಬಲಗಾಲು ಸೆಟೆದು, ಈಗಷ್ಟೇ ಹಾಸಿದ ಕಾರ್ಪೆಟ್ಟಿಗೆ ಹಿಮ್ಮಡಿ ಊರಿ, ತನ್ನೆಲ್ಲ ಬಲದಿಂದ ಒತ್ತಿತು. ಲಾರಿಯ ಪಕ್ಕದಲ್ಲಿ ಒಂದು ಮೊಳ ಜಾಗ ಬಿಟ್ಟು ಗಾಡಿ ನೂಲಿನಂತೆ ಪಾರಾಯಿತು. ಎಗರಲಿಲ್ಲ.

"ಅಲ್ಲಿ ಬ್ರೇಕ್ ಇಲ್ಲ ಕಣಪ್ಪ" ಎಂದರು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ.